ತರಕಾರಿ ಬೆರೆಸಿದ ಉಂಡೆ: ಅಳತೆಯೂ ಇರಲಿ, ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಓವನ್ನಿನ ಹಂಗಿಲ್ಲದೆ, ಎಣ್ಣೆಯಲ್ಲಿ ಕರಿಯದೆ, ಓಟ್ಸ್, ಖರ್ಜೂರ ಮತ್ತು ಬೀಜಗಳ ಜೊತೆಗೆ ತರಕಾರಿಯನ್ನೂ ಸೇರಿಸಿ ಕಟ್ಟುವ ಸಣ್ಣ ಉಂಡೆಗಳ ಪಾಕವಿಧಾನಗಳು ಅಡುಗೆ ಪುಟಗಳಲ್ಲಿ ಆಗಾಗ ಪ್ರಕಟವಾಗುತ್ತಿರುತ್ತವೆ. ತರಕಾರಿ ಕಂಡೊಡನೆ ತಟ್ಟೆಯನ್ನೇ ದೂರ ತಳ್ಳುವ ಮಕ್ಕಳಿರುವ ಮನೆಗಳಿಗೆ ಇವು ನಿಜಕ್ಕೂ ಉಪಕಾರಿಯಾಗಿದ್ದು, ಈ ಬಗೆಯ ತಿನಿಸನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹೆಚ್ಚಿನ ಪಾಕವಿಧಾನಗಳಲ್ಲಿ ಒಂದೊಂದು ಉಂಡೆಗೆ ಎಷ್ಟು ತರಕಾರಿ ಸಲ್ಲುತ್ತದೆ ಎಂಬುದಾಗಲಿ, ಬೇಕ್ ಮಾಡದ ಈ ತಿನಿಸು ಕೆಡದಂತೆ ನೋಡಿಕೊಳ್ಳುವುದು ಹೇಗೆಂಬುದಾಗಲಿ ಇರುವುದಿಲ್ಲ. ಸಾಲದೆಂಬಂತೆ, ಒಳಗೆ ತರಕಾರಿ ಇರುವ ವಿಷಯವನ್ನು ಮಗುವಿಗೆ ತಿಳಿಸಲೇಬೇಡಿ ಎಂಬ ಸಲಹೆಯೂ ಜೊತೆಗಿರುತ್ತದೆ. ಈ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ತರಕಾರಿಯನ್ನು ಧಾರಾಳವಾಗಿ ಬೆರೆಸೋಣ, ಆದರೆ ಅದರ ಹೆಸರನ್ನು ಮುಚ್ಚಿಡುವುದು ಬೇಡ ಎಂಬುದೇ ಈ ಪತ್ರದ ವಿನಂತಿ.

ಮೊದಲು ಅಳತೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ 2ರಿಂದ 5 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 250 ಗ್ರಾಂ, 6ರಿಂದ 9 ವರ್ಷದವರು 350 ಗ್ರಾಂ, 10 ವರ್ಷ ದಾಟಿದವರೆಲ್ಲರೂ 400 ಗ್ರಾಂ ಹಣ್ಣು ಮತ್ತು ತರಕಾರಿಯನ್ನು ತಿನ್ನಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಾಮಾನ್ಯ ಪಾಕವಿಧಾನವನ್ನು ಲೆಕ್ಕ ಹಾಕಿ ನೋಡಬಹುದು. 90 ಗ್ರಾಂ ಓಟ್ಸ್, 100 ಗ್ರಾಂ ಬೀಜ ತೆಗೆದ ಖರ್ಜೂರ, 100 ಗ್ರಾಂ ಕಡಲೆಕಾಯಿ ಬೆಣ್ಣೆ ಮತ್ತು 100 ಗ್ರಾಂ ಕ್ಯಾರೆಟ್ ತುರಿ ಸೇರಿಸಿ 16 ಉಂಡೆ ಕಟ್ಟಿದರೆ ಒಂದೊಂದರಲ್ಲಿ ಇರುವ ಕ್ಯಾರೆಟ್ 6 ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. ಮೂರು ಉಂಡೆ ತಿಂದ ಮಗುವಿಗೆ ದಕ್ಕುವುದು 19 ಗ್ರಾಂಗೂ ಕಡಿಮೆ ತರಕಾರಿ, ಅಂದರೆ ಆ ದಿನದ 250 ಗ್ರಾಂನಲ್ಲಿ ಹತ್ತನೆಯ ಒಂದು ಭಾಗವೂ ಆಗುವುದಿಲ್ಲ. ಅದೇ ಮೂರು ಉಂಡೆಗಳಿಂದ ಬರುವ ಶಕ್ತಿ ಮಾತ್ರ ಸುಮಾರು 240 ಕ್ಯಾಲೊರಿ. ಖರ್ಜೂರ, ಓಟ್ಸ್ ಮತ್ತು ಬೀಜಗಳಿಂದ ನಾರು ಹಾಗೂ ಒಳ್ಳೆಯ ಕೊಬ್ಬು ಸಿಗುವುದರಿಂದ ಇದು ಕೆಟ್ಟ ತಿನಿಸೇನೂ ಅಲ್ಲ, ಬಿಸ್ಕತ್ತಿಗಿಂತ ಎಷ್ಟೋ ಮೇಲು. ಆದರೆ ಉಂಡೆ ತಿನ್ನಿಸಿದ್ದಾಯಿತು, ಇನ್ನು ಊಟದಲ್ಲಿ ಪಲ್ಯವಿಲ್ಲದಿದ್ದರೂ ನಡೆಯುತ್ತದೆ ಎಂದು ಹೆತ್ತವರು ನೆಮ್ಮದಿಪಡುವಂತಾದರೆ ಪಾಕವಿಧಾನ ಬರೆದವರು ಅವರಿಗೆ ಅರ್ಧ ವಿಷಯವನ್ನಷ್ಟೇ ಹೇಳಿದಂತಾಗುತ್ತದೆ.

ಹಾಗಿದ್ದರೆ ತರಕಾರಿಯ ಪಾಲನ್ನೇ ಹೆಚ್ಚಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಅಡ್ಡಿಯಾಗುವುದು ನೀರಿನ ಅಂಶ. ಕ್ಯಾರೆಟ್ ಮತ್ತು ಬೀಟ್‌ರೂಟಿನಲ್ಲಿ ತೂಕದ ನೂರಕ್ಕೆ ಸುಮಾರು 88 ಪಾಲು, ಹೂಕೋಸು, ಪಾಲಕ್, ಸಿಹಿಗುಂಬಳಗಳಲ್ಲಿ 91ರಿಂದ 92 ಪಾಲು, ಸೌತೆಕಾಯಿಯಂತೆ ಕಾಣುವ ಜುಕಿನಿಯಲ್ಲಂತೂ ನೂರಕ್ಕೆ 95ರಷ್ಟು ನೀರೇ ಇರುತ್ತದೆ. ಕೇಕು, ಬ್ರೆಡ್ಡುಗಳನ್ನು ಓವನ್ನಿನಲ್ಲಿಟ್ಟಾಗ ಆ ನೀರಿನ ಒಂದು ಭಾಗ ಆವಿಯಾಗಿ ಹೋಗುತ್ತದೆ, ರೋಗಾಣುಗಳೂ ಕಾವಿಗೆ ಸಾಯುತ್ತವೆ. ಬೇಕ್ ಮಾಡದ ಉಂಡೆಯಲ್ಲಿ ಈ ಎರಡೂ ನಡೆಯುವುದಿಲ್ಲವಾದ್ದರಿಂದ ಆ ಎರಡೂ ಕೆಲಸಗಳು ಉಂಡೆ ಮಾಡುವವರ ಕೈಗೇ ಬೀಳುತ್ತವೆ. ಅಷ್ಟರಮಟ್ಟಿಗೆ ಇದು ಕೇಕಿಗಿಂತ ಹೆಚ್ಚು ಎಚ್ಚರ ಬೇಡುವ ತಿನಿಸು, ಸುಲಭವೆಂದು ತೋರುವುದರಿಂದಲೇ ಆ ಎಚ್ಚರ ತಪ್ಪಿಹೋಗುತ್ತದೆ.

ಜುಕಿನಿ ಅಥವಾ ಕ್ಯಾರೆಟ್ಟನ್ನು ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದು, ನಾಲ್ಕೈದು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ತೆಳುವಾದ ಶುಭ್ರ ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಮೊದಮೊದಲು ಧಾರೆಯಾಗಿ ಇಳಿಯುವ ನೀರು ಕೊನೆಗೆ ತೊಟ್ಟಿಕ್ಕುವುದನ್ನೂ ನಿಲ್ಲಿಸಿದಾಗ ಬಟ್ಟೆಯೊಳಗೆ ಉಳಿಯುವುದು ಬೆರಳಿಗೆ ಬಿಡಿಬಿಡಿಯಾಗಿ ಸಿಗುವ ಒಣ ತುರಿ, ಉಂಡೆಗೆ ಬೇಕಾಗಿರುವುದು ಅದೇ. ಹಿಂಡಿದ ನೀರಿನಲ್ಲಿ ಒಂದಿಷ್ಟು ಜೀವಸತ್ವವೂ ಹೊರಟುಹೋಗುವುದರಿಂದ ಅದನ್ನು ಚೆಲ್ಲದೆ ಬೇರೆ ಅಡುಗೆಗೆ ಬಳಸುವುದು ಒಳ್ಳೆಯದು. ಓಟ್ಸನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವ ತನಕ ಹುರಿದು ಒರಟಾಗಿ ಪುಡಿ ಮಾಡಿಕೊಂಡರೆ ಅದು ಉಳಿದ ತೇವವನ್ನು ಚೆನ್ನಾಗಿ ಹೀರುತ್ತದೆ. ಎಲ್ಲವನ್ನೂ ಕಲಸಿದೊಡನೆ ಉಂಡೆ ಕಟ್ಟಲು ಅವಸರಪಡದೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಒಂದು ತುತ್ತಿನಷ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡಬೇಕು. ಆಕಾರ ನಿಂತು, ಅಂಗೈಯಲ್ಲಿ ಪಸೆ ಉಳಿಯದಿದ್ದರೆ ಹದ ಸರಿಯಾಗಿದೆಯೆಂದರ್ಥ. ಪಸೆ ಅಂಟಿದರೆ ಇನ್ನಷ್ಟು ಖರ್ಜೂರ ಸೇರಿಸುವ ಬದಲು ಓಟ್ಸ್ ಪುಡಿಯನ್ನೋ ಅಗಸೆ ಬೀಜದ ಪುಡಿಯನ್ನೋ ಸೇರಿಸುವುದು ಲೇಸು, ಏಕೆಂದರೆ ಖರ್ಜೂರದಿಂದ ಉಂಡೆ ಗಟ್ಟಿಯಾದಂತೆ ಕಂಡರೂ ಹೆಚ್ಚುವುದು ಸಿಹಿಯೇ.

ಎಲ್ಲ ತರಕಾರಿಗೂ ಒಂದೇ ಕ್ರಮ ಒಗ್ಗುವುದಿಲ್ಲ. ಬೇಯಿಸಿ ನುರಿದ ಸಿಹಿಗೆಣಸಿನಲ್ಲಿ ನೀರು ಕಡಿಮೆ, ಪಿಷ್ಟ ಹೆಚ್ಚು, ಮೇಲಾಗಿ ತನ್ನದೇ ಸಿಹಿಯೂ ಇರುವುದರಿಂದ ಹಿಂಡದೆಯೇ ಅಂಟಾಗಿ ನಿಲ್ಲುತ್ತದೆ. ಖರ್ಜೂರವನ್ನು ಕಡಿಮೆ ಮಾಡಿ ತರಕಾರಿಯ ಪಾಲನ್ನು ಹೆಚ್ಚಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ. ಬೀಟ್‌ರೂಟಿಗಿರುವ ಮಣ್ಣಿನ ವಾಸನೆ ಜಿಯೋಸ್ಮಿನ್ ಎಂಬ ಸಂಯುಕ್ತದಿಂದ ಬರುವಂಥದ್ದು, ಕೋಕೋ ಪುಡಿಯ ಕಹಿ ಅದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬೀಟ್‌ರೂಟ್ ತಿಂದ ಕೆಲವರಿಗೆ ಮೂತ್ರ ಕೆಂಪಗಾಗುವುದುಂಟು, ಇದು ನಿರಪಾಯವಾದರೂ ಮೊದಲೇ ತಿಳಿದಿರದ ತಾಯ್ತಂದೆಯರು ಗಾಬರಿಯಾಗುತ್ತಾರೆ, ಹಾಗಾಗಿ ಪಾಕವಿಧಾನದ ಜೊತೆಯಲ್ಲೇ ಒಂದು ಸಾಲು ಬರೆದರೆ ಉಪಕಾರ. ಪಾಲಕ್‌ನಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದರದೇ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವುದರಿಂದ ಪಾಲಕ್ ಉಂಡೆಯನ್ನು ಮೂಳೆಗೆ ಬಲ ಕೊಡುವ ತಿನಿಸೆಂದು ಹೊಗಳುವುದು ಸರಿಯಲ್ಲ. ಹೂಕೋಸು ಬಣ್ಣದಲ್ಲೂ ರುಚಿಯಲ್ಲೂ ಸೌಮ್ಯವಾಗಿದ್ದು, ಬೇಯಿಸಿ ನುಣ್ಣಗೆ ರುಬ್ಬಿದರೆ ಯಾವುದರ ಜೊತೆಗೂ ಸೇರುತ್ತದೆ.

ಓವನ್ ಬೇಡವೆಂದ ಮಾತ್ರಕ್ಕೆ ತರಕಾರಿ ಹಸಿಯಾಗಿಯೇ ಇರಬೇಕೆಂದಿಲ್ಲ ಎಂಬುದನ್ನೂ ಒತ್ತಿ ಹೇಳಬೇಕಾಗಿದೆ. ಹಬೆಯಲ್ಲಿ ಬೇಯಿಸುವುದರಿಂದ ಜೀವಸತ್ವ ಸಿ ಒಂದಿಷ್ಟು ನಷ್ಟವಾಗುವುದು ನಿಜವಾದರೂ ನೀರಿನಲ್ಲಿ ಕುದಿಸಿ ಬಸಿದಾಗ ಆಗುವಷ್ಟು ಆಗುವುದಿಲ್ಲ. ಕ್ಯಾರೆಟ್, ಸಿಹಿಗುಂಬಳಗಳಲ್ಲಿರುವ, ಮೈಯಲ್ಲಿ ಜೀವಸತ್ವ ಎ ಆಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಅಂತೂ ಬೆಂದು ನುರಿದು ಸ್ವಲ್ಪ ಕೊಬ್ಬಿನ ಜೊತೆ ಸೇರಿದಾಗಲೇ ಮೈಗೆ ಹೆಚ್ಚು ಹತ್ತುತ್ತದೆ, ಆ ಕೊಬ್ಬನ್ನು ಒದಗಿಸಲು ಕಡಲೆಕಾಯಿ ಬೆಣ್ಣೆ ಇದ್ದೇ ಇದೆ. ಹಿಡಿದುಕೊಳ್ಳಲೆಂದು ಹಸಿ ಗೋಧಿ ಹಿಟ್ಟನ್ನು ಹಾಗೆಯೇ ಬೆರೆಸುವ ಅಭ್ಯಾಸವನ್ನು ಮಾತ್ರ ಖಂಡಿತ ಬಿಡಬೇಕು. ಹಸಿ ಹಿಟ್ಟಿನಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿಯಂತಹ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿದ್ದು, ಬೇಯಿಸದ ತಿನಿಸಿನಲ್ಲಿ ಅವನ್ನು ಕೊಲ್ಲುವ ಹಂತವೇ ಇರುವುದಿಲ್ಲ. ಚಪ್ಪಟೆಯಾಗಿಸಿದ ಓಟ್ಸ್ ತಯಾರಿಕೆಯಲ್ಲೇ ಹಬೆ ಕಂಡು ಬಂದಿರುತ್ತದೆಂಬ ಕಾರಣಕ್ಕೆ ಅದು ಈ ಕೆಲಸಕ್ಕೆ ತಕ್ಕದ್ದು.

ಬೆಂದ ತರಕಾರಿ ಸೇರಿದ ಉಂಡೆಯನ್ನು ಬರಿಯ ಖರ್ಜೂರ ಮತ್ತು ಬೀಜಗಳ ಉಂಡೆಯಂತೆ ಡಬ್ಬಿಯಲ್ಲಿ ತುಂಬಿ ಕಪಾಟಿನಲ್ಲಿಡುವಂತಿಲ್ಲ. ಬೇಯಿಸಿದ ಆಹಾರ ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಇದಕ್ಕೂ ಅನ್ವಯಿಸುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನದೊಳಗೆ ಮುಗಿಸಬೇಕು, ಉಳಿದದ್ದನ್ನು ಮಾಡಿದ ದಿನವೇ ಫ್ರೀಜರಿಗೆ ಹಾಕಬೇಕು. ಮಕ್ಕಳ ಊಟದ ಡಬ್ಬಿಗೆ ಹಾಕುವವರು ಗಟ್ಟಿಯಾಗಿ ಹೆಪ್ಪುಗಟ್ಟಿದ ಉಂಡೆಯನ್ನೇ, ತಂಪು ಕಾಯುವ ಚೀಲದಲ್ಲಿಟ್ಟು ಕಳುಹಿಸುವುದು ಕ್ಷೇಮ.

ಚಿಕ್ಕ ಮಕ್ಕಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಆಕಾರದ್ದು. ಗುಂಡಗೆ, ಅಂಟಂಟಾಗಿ, ಒಂದೇ ಬಾರಿಗೆ ಬಾಯಿಗೆ ಹಿಡಿಯುವ ಗಾತ್ರದ ತಿನಿಸು ನಾಲ್ಕು ವರ್ಷದೊಳಗಿನ ಮಗುವಿನ ಶ್ವಾಸನಾಳಕ್ಕೆ ಅಡ್ಡ ಸಿಕ್ಕಿಕೊಳ್ಳಬಹುದು. ಅವರಿಗಾಗಿ ಮಾಡುವಾಗ ಬೀಜಗಳನ್ನು ಪೂರ್ತಿ ನುಣ್ಣಗೆ ಅರೆದು, ಉಂಡೆ ಕಟ್ಟುವ ಬದಲು ತೆಳ್ಳಗೆ ತಟ್ಟಿ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಕೂತು ತಿನ್ನುವಂತೆ ನೋಡಿಕೊಂಡು, ದೊಡ್ಡವರೊಬ್ಬರು ಎದುರಿಗೇ ಇರಬೇಕು. ನುಂಗಲು ಕಷ್ಟಪಡುವ ವೃದ್ಧರಿಗೂ ಅಂಟು ತಿನಿಸು ಹಿತವಲ್ಲ. ಒಂದು ವರ್ಷ ತುಂಬದ ಕೂಸುಗಳಿಗೆ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಯ ಭಯವಿರುವುದರಿಂದ ಜೇನುತುಪ್ಪ ಸೇರಿದ ಯಾವುದನ್ನೂ ಕೊಡಕೂಡದು. ದೊಡ್ಡ ಮಕ್ಕಳಿಗೂ ಜೇನು ಮತ್ತು ಸಿರಪ್‌ಗಳು ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ.

ಇನ್ನು ಹೆಸರು ಮುಚ್ಚಿಡುವ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3ರಿಂದ 5 ವರ್ಷದ ಮಕ್ಕಳ ಊಟಕ್ಕೆ ನುಣ್ಣಗೆ ಅರೆದ ತರಕಾರಿಯನ್ನು ಬೆರೆಸಿದಾಗ ಮಕ್ಕಳು ತಿಂದ ತರಕಾರಿಯ ಪ್ರಮಾಣ ಗಮನಾರ್ಹವಾಗಿ ಹೆಚ್ಚಿತು. ತಟ್ಟೆಯ ಬದಿಯಲ್ಲಿ ಕಣ್ಣಿಗೆ ಕಾಣುವಂತೆ ಬಡಿಸಿದ್ದ ತರಕಾರಿಯನ್ನು ಅವರು ತಿನ್ನುವುದೂ ಕಡಿಮೆಯಾಗಲಿಲ್ಲ. ಬೆರೆಸುವುದರಿಂದ ಲಾಭವಿದೆಯೆಂಬುದಕ್ಕೆ ಇದು ಒಳ್ಳೆಯ ಆಧಾರ, ಬದಿಯ ತರಕಾರಿ ಬದಿಯಲ್ಲಿ ಇದ್ದೇ ಇತ್ತೆಂಬುದನ್ನು ಮಾತ್ರ ಮರೆಯಬಾರದು. ಮರುವರ್ಷ, 2012ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಲಿಝಿ ಪೋಪ್ ಮತ್ತು ರ್‍ಯಾಂಡಿ ವುಲ್ಫ್ ಪ್ರಕಟಿಸಿದ ಅಧ್ಯಯನ ನನ್ನ ಮಾತಿಗೆ ಇನ್ನೂ ಹತ್ತಿರದ್ದು. ಅವರು ಬ್ರೊಕೊಲಿ ಹಾಕಿದ ಮಸಾಲೆ ಕೇಕು, ಜುಕಿನಿ ಹಾಕಿದ ಚಾಕೊಲೇಟ್ ಬ್ರೆಡ್ಡು ಮತ್ತು ಕಡಲೆಕಾಳು ಹಾಕಿದ ಕುಕೀಗಳನ್ನು ಶಾಲಾ ಮಕ್ಕಳಿಗೆ ಕೊಟ್ಟು, ಒಂದರ ಮೇಲೆ ತರಕಾರಿಯ ಹೆಸರು ಬರೆದು, ಅದೇ ಬಗೆಯ ಇನ್ನೊಂದರ ಮೇಲೆ ಬರೆಯದೆ ಬಿಟ್ಟರು. ಬ್ರೊಕೊಲಿ ಮತ್ತು ಜುಕಿನಿಯ ತಿನಿಸುಗಳಲ್ಲಿ ಹೆಸರು ತಿಳಿದದ್ದರಿಂದ ಮಕ್ಕಳ ಮೆಚ್ಚುಗೆಯೇನೂ ಕುಗ್ಗಲಿಲ್ಲ. ಕುಗ್ಗಿದ್ದು ಆ ಮಕ್ಕಳಿಗೆ ಅಷ್ಟಾಗಿ ಪರಿಚಯವಿರದ ಕಡಲೆಕಾಳಿನ ಕುಕೀಗೆ ಮಾತ್ರ.

ಈ ಕೊನೆಯ ಅಂಶವೇ ನನಗೆ ಬಹಳ ಮುಖ್ಯವೆನಿಸುತ್ತದೆ. ಮಗು ಹಿಂಜರಿಯುವುದು ಪರಿಚಯವಿಲ್ಲದ್ದಕ್ಕೆ ಎಂದಾದರೆ, ಪರಿಚಯವಾಗದಂತೆ ಮುಚ್ಚಿಡುವುದರಿಂದ ಆ ಹಿಂಜರಿಕೆ ಹೇಗೆ ಹೋದೀತು? ಎರಡು ವರ್ಷದ ಆಸುಪಾಸಿನ ಮಕ್ಕಳ ಮೇಲೆ ಸಂಶೋಧಕರಾದ ಬರ್ಚ್ ಮತ್ತು ಮಾರ್ಲಿನ್ 1982ರಲ್ಲಿ ನಡೆಸಿದ ಅಧ್ಯಯನದಲ್ಲೂ ಹೊಸ ಆಹಾರವನ್ನು ಮತ್ತೆ ಮತ್ತೆ ರುಚಿ ನೋಡಿದಷ್ಟೂ ಮಕ್ಕಳಿಗೆ ಅದು ಹೆಚ್ಚು ಇಷ್ಟವಾಗುತ್ತಾ ಹೋಯಿತು. ಚಾಕೊಲೇಟಿನ ರುಚಿಯಡಿ ಅಡಗಿಸಿಟ್ಟ ಬೀಟ್‌ರೂಟನ್ನು ವರ್ಷವಿಡೀ ತಿಂದ ಮಗು ತಟ್ಟೆಯಲ್ಲಿ ಬೀಟ್‌ರೂಟ್ ಕಂಡ ದಿನ ಅದನ್ನು ಹೊಸದೆಂದೇ ನೋಡುತ್ತದೆ. ಗುಟ್ಟು ಹೊರಬಿದ್ದ ದಿನವಂತೂ ಅಡುಗೆ ಮಾಡಿದವರ ಮೇಲಿನ ನಂಬಿಕೆಗೂ ಪೆಟ್ಟು ಬೀಳುತ್ತದೆ, ಆಹಾರದ ವಿಷಯದಲ್ಲಿ ಒಮ್ಮೆ ಅನುಮಾನ ಹುಟ್ಟಿದ ಮಗು ಮೊದಲು ತಿನ್ನುತ್ತಿದ್ದುದನ್ನೂ ಬೆರಳಿನಿಂದ ಕೆದಕಿ ನೋಡಲು ಶುರುಮಾಡುತ್ತದೆ. ಅದರ ಬದಲು ಮಗುವಿನ ಕೈಗೇ ಕ್ಯಾರೆಟ್ ಕೊಟ್ಟು ತೊಳೆಯಲು ಹೇಳಬಹುದು, ಹಿಂಡುವ ಬಟ್ಟೆಯ ಒಂದು ತುದಿಯನ್ನು ಹಿಡಿಸಬಹುದು, ಉಂಡೆ ಕಟ್ಟಲು ಬಿಡಬಹುದು. ಬೆಂಕಿಯೂ ಬಿಸಿ ತಟ್ಟೆಯೂ ಇಲ್ಲದ ಈ ಹಂತಗಳಲ್ಲಿ ಪುಟ್ಟ ಮಕ್ಕಳಿಗೂ ಕೆಲಸವಿದೆ, ತಾನೇ ಕಟ್ಟಿದ ಉಂಡೆಯೊಳಗೆ ಏನಿದೆಯೆಂದು ಬಲ್ಲ ಮಗುವಿಗೆ ಬಚ್ಚಿಡುವಂಥದ್ದೇನೂ ಉಳಿಯುವುದಿಲ್ಲ.

ಅಲರ್ಜಿಯ ಕಾರಣವೂ ಇಲ್ಲಿದೆ. ಕಡಲೆಕಾಯಿ, ಬಾದಾಮಿ, ಎಳ್ಳು ಕೆಲವು ಮಕ್ಕಳಿಗೆ ಜೀವಕ್ಕೇ ಕುತ್ತು ತರಬಲ್ಲವು. ಏನು ಹಾಕಿದ್ದೇವೆಂದು ಹೇಳದಿರುವುದೇ ರೂಢಿಯಾದ ಮನೆಯ ಉಂಡೆ ಬೇರೆ ಮಕ್ಕಳ ಕೈಗೆ ಹೋದಾಗ ಆಗಬಹುದಾದ ಅನಾಹುತವನ್ನು ಯಾರಾದರೂ ಊಹಿಸಬಹುದು.

ಮಾನ್ಯರೇ, ತಮ್ಮ ಅಡುಗೆ ಪುಟದಲ್ಲಿ ಇಂತಹ ಪಾಕವಿಧಾನ ಪ್ರಕಟಿಸುವಾಗ ಒಟ್ಟು ಎಷ್ಟು ಗ್ರಾಂ ತರಕಾರಿಯಿಂದ ಎಷ್ಟು ಉಂಡೆಗಳಾಗುತ್ತವೆ, ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು, ಯಾವ ವಯಸ್ಸಿನವರಿಗೆ ಯಾವ ಆಕಾರದಲ್ಲಿ ಕೊಡಬೇಕು, ಅಲರ್ಜಿ ತರಬಲ್ಲ ಪದಾರ್ಥಗಳು ಯಾವುವು ಎಂಬಿಷ್ಟನ್ನು ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಮಕ್ಕಳಿಗೆ ಗೊತ್ತೇ ಆಗದಂತೆ ತರಕಾರಿ ತಿನ್ನಿಸುವ ಉಪಾಯ ಎಂಬಂತಹ ತಲೆಬರಹಗಳನ್ನು ಕೈಬಿಟ್ಟು, ಕ್ಯಾರೆಟ್ ಉಂಡೆ, ಬೀಟ್‌ರೂಟ್ ಕೋಕೋ ಉಂಡೆ ಎಂದು ತರಕಾರಿಯ ಹೆಸರಿನಿಂದಲೇ ಅವುಗಳನ್ನು ಕರೆಯಬೇಕೆಂದೂ ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬರು