ಜಲ್ಲಿಯ ರನ್‌ವೇ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕೆನಡಾದಂಥ ಸಿರಿವಂತ ದೇಶ ತನ್ನ ಉತ್ತರದ ತುತ್ತತುದಿಯ ಊರಾದ ಗ್ರೀಸ್ ಫಿಯರ್ಡ್‌ನ ವಿಮಾನ ನಿಲ್ದಾಣಕ್ಕೆ ಇಂದಿಗೂ ಡಾಂಬರು ಹಾಕಿಸಿಲ್ಲವೆಂಬುದು ನಾಚಿಕೆಗೇಡು ಎಂದು ನೀನು ಬರೆದಿದ್ದೆ. ಅದನ್ನು ನಾನು ಒಪ್ಪಲಾರೆ. ಗದಗದ ಸುತ್ತಮುತ್ತ ರಸ್ತೆ ಮಾಡಿಸಿದ ನಿನಗೆ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು ತನ್ನ ಮೇಲಿನ ಡಾಂಬರನ್ನು ಏನು ಮಾಡುತ್ತದೆಂದು ಹೇಳಬೇಕಿಲ್ಲ. ಗ್ರೀಸ್ ಫಿಯರ್ಡ್ ಇರುವ ಎಲ್ಸ್‌ಮಿಯರ್ ದ್ವೀಪದಲ್ಲಿ ನೆಲ ಆಳದವರೆಗೆ ಸದಾ ಹೆಪ್ಪುಗಟ್ಟಿಯೇ ಇರುತ್ತದೆ. ಕಪ್ಪು ಡಾಂಬರು ಬೇಸಿಗೆಯ ಬಿಸಿಲನ್ನು ಹೀರಿ ಶಾಖವನ್ನು ಕೆಳಗಿಳಿಸಿದರೆ ಒಳಗಿನ ಹಿಮ ಕರಗಿ ನೆಲ ಕುಸಿಯುತ್ತದೆ, ಮೇಲ್ಹಾಸು ಬಿರುಕು ಬಿಡುತ್ತದೆ. ಜಲ್ಲಿಯಾದರೆ ನೆಲ ಸಮ ಮಾಡುವ ಗ್ರೇಡರ್ ಹಾಯಿಸಿ ರೋಲರ್ ಉರುಳಿಸಿದರಾಯಿತು. ಈ ಊರು ಸೇರಿದ ನುನಾವುಟ್ ಪ್ರದೇಶದ 25 ಊರುಗಳಲ್ಲಿ ಇಕಾಲುಯಿಟ್ ಮತ್ತು ರ್‍ಯಾಂಕಿನ್ ಇನ್ಲೆಟ್ ಮೊದಲಾದ ಕೆಲವನ್ನು ಬಿಟ್ಟರೆ ಉಳಿದೆಡೆ ರನ್‌ವೇ ಜಲ್ಲಿಯದೇ.

ನನಗೆ ಕೊರತೆಯಾಗಿ ಕಾಣುವುದು ರನ್‌ವೇಯ ಉದ್ದ. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕ ಸುಮಾರು 500 ಮೀಟರ್‌ಗಳಷ್ಟೇ ಅದು. ಅಲ್ಲಿ ಇಳಿಯುವುದು ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ. ರೆಕ್ಕೆ ಮೇಲಿರುವುದರಿಂದ ಅದರ ಪ್ರೊಪೆಲರ್‌ಗಳು ನೆಲದಿಂದ ಎತ್ತರದಲ್ಲಿದ್ದು, ಸಿಡಿಯುವ ಕಲ್ಲಿನಿಂದ ತಕ್ಕಮಟ್ಟಿಗೆ ಪಾರಾಗುತ್ತವೆ. ಹೊರಗಿನಿಂದ ಈ ಊರಿಗೆ ಯಾವ ರಸ್ತೆಯೂ ಇಲ್ಲ, ಸರಕಿನ ಹಡಗು ಬರುವುದು ಬೇಸಿಗೆಯ ಕೊನೆಗೊಮ್ಮೆ. ಆದ್ದರಿಂದ ತಾಜಾ ತರಕಾರಿ, ಟಪಾಲು, ದೊಡ್ಡಾಸ್ಪತ್ರೆಗೆ ಹೊರಟ ರೋಗಿ, ಎಲ್ಲಕ್ಕೂ ಸುಮಾರು 400 ಕಿ.ಮೀ. ದೂರದ ರೆಸೊಲ್ಯೂಟ್ ಎಂಬ ಊರಿನ ಕಡೆಗೆ ಹಾರುವ ಈ ವಿಮಾನವೇ ಗತಿ. ಗಾಳಿ ಎದ್ದರೆ, ಮಂಜು ಕವಿದರೆ ಅದೂ ಇಲ್ಲ.

ಈ ಜನ ಅಷ್ಟು ದೂರ ಹೋಗಿ ನೆಲೆಸಿದ್ದೇಕೆ ಎಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅವರಾಗಿ ಹೋದವರಲ್ಲ. ಒಳ್ಳೆಯ ಬೇಟೆ ಸಿಗುತ್ತದೆಂದು ಹೇಳಿ 1953ರಲ್ಲಿ ಸರ್ಕಾರವೇ ಕ್ವಿಬೆಕ್‌ನ ಇನುಕ್ಜುವಾಕ್ ಎಂಬ ಊರಿನಿಂದ ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಕುಟುಂಬಗಳನ್ನು ತಂದು ಆ ದ್ವೀಪದಲ್ಲಿ ಇಳಿಸಿತು. ಕ್ಷಮೆ ಕೇಳಿದ್ದು 2010ರಲ್ಲಿ. ನಿನ್ನ ಸಿಟ್ಟಿಗೆ ನಿಜವಾದ ಕಾರಣ ಇಲ್ಲಿದೆ. ತಾನೇ ಕರೆತಂದು ಬಿಟ್ಟವರ ಊರಿಗೆ ಎರಡು ವಿಮಾನ ಹೆಚ್ಚು ಹಾರಿಸುವುದು, ಟಿಕೆಟ್ ದರ ಇಳಿಸುವುದು ಸರ್ಕಾರ ತೀರಿಸಬೇಕಾದ ಋಣವೇ ಹೊರತು ಉಪಕಾರವಲ್ಲ. ರನ್‌ವೇ ಉದ್ದ ಮಾಡಬೇಕೆಂದರೆ ಒಂದೋ ಬೆಟ್ಟ ಕಡಿಯಬೇಕು, ಇಲ್ಲವೇ ಸಮುದ್ರ ತುಂಬಬೇಕು. ಎರಡೂ ಬೇಡದ ಉಪಾಯವೊಂದು ನಿನಗೆ ಹೊಳೆದರೆ ಬರೆ.

ನಿನ್ನ ಗೆಳೆಯ