ಬೀಟ್ ಕಳಿಸುವ ಮುಂಚೆ ಸ್ವಿಂಗ್ ನೋಡಿ

ಎಲ್ಲರಿಗೂ ನಮಸ್ಕಾರ. ಈಚೆಗೆ ನಮ್ಮ ಬೀಟ್ ಮಾಡುವವರ ಗುಂಪಿಗೆ ಬಂದ ಬೀಟ್‌ಗಳಲ್ಲಿ ಹೆಚ್ಚಿನವು ಗ್ರಿಡ್‌ಗೆ, ಅಂದರೆ ಸಾಫ್ಟ್‌ವೇರ್‌ನ ಸಮ ಅಂತರದ ಗೆರೆಗಳಿಗೆ, ಅಂಟಿಕೊಂಡೇ ಇವೆ. ಮುಂದಿನ ಸಲ ಸ್ವಿಂಗ್ ಒಮ್ಮೆ ಮುಟ್ಟಿ ನೋಡಿ.

ಸ್ವಿಂಗ್ ಮಾಡುವ ಕೆಲಸ ಸರಳ. ಕಾಲು ಬೀಟ್‌ನ ನೋಟ್‌ಗಳನ್ನು ಜೋಡಿ ಜೋಡಿಯಾಗಿ ನೋಡಿದರೆ, ಪ್ರತಿ ಜೋಡಿಯ ಎರಡನೆಯದು ಚೂರು ತಡವಾಗಿ ಬೀಳುತ್ತದೆ. ರೋಜರ್ ಲಿನ್ ತಮ್ಮ ಡ್ರಮ್ ಮಷೀನ್‌ಗಳಲ್ಲಿ ಇದನ್ನು ತಂದರು. ಅವರು ವಿನ್ಯಾಸ ಮಾಡಿದ ಅಕಾಯ್ ಎಂಪಿಸಿ 60 ಯಂತ್ರದ ಲೆಕ್ಕ ಜೋಡಿಯ ಸಮಯದಲ್ಲಿ ಮೊದಲ ನೋಟ್‌ಗೆ ಸಿಗುವ ಶೇಕಡಾ ಪಾಲು: 50 ಅಂದರೆ ನೇರ, 66 ಅಂದರೆ ಹೆಚ್ಚುಕಮ್ಮಿ ಟ್ರಿಪ್ಲೆಟ್ (ಮೂರು ಸಮಭಾಗದ ನಡೆ). ಮೃದಂಗ ಕಲಿತವರಿಗೆ ಗೊತ್ತಾಗುತ್ತದೆ, ತಿಶ್ರದ ಮೂರರಲ್ಲಿ ನಡುವಿನದನ್ನು ಬಿಟ್ಟು ನುಡಿಸಿದ ಹಾಗೆ. ಮಜಾ ಇರುವುದು ಇವೆರಡರ ನಡುವೆ, 54ರಿಂದ 58ರೊಳಗೆ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) 54 ಇಟ್ಟರೆ ತಡ ಬರೀ 13 ಮಿಲಿಸೆಕೆಂಡ್. ಆದರೂ ತಲೆ ತಾನೇ ಆಡುತ್ತದೆ! ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸೊನ್ನೆಯೇ ನೇರ, ಅಲ್ಲಿ 54 ಹಾಕಬೇಡಿ.

ಏಬಲ್ಟನ್ ಲೈವ್ ಸಾಫ್ಟ್‌ವೇರ್ ಬಳಸುವವರು ಇಷ್ಟದ ಡ್ರಮ್ ಲೂಪ್‌ನಿಂದಲೇ ಗ್ರೂವ್ (ಹೊಡೆತಗಳು ಬೀಳುವ ರೀತಿ) ತೆಗೆದು ಬೇರೆ ಕ್ಲಿಪ್‌ಗೆ ಹಾಕಬಹುದು. ಎಫ್‌ಎಲ್ ಸ್ಟುಡಿಯೋದಲ್ಲಿ ಚಾನೆಲ್ ರ‍್ಯಾಕ್‌ನ ಮೇಲೆಯೇ ಸ್ವಿಂಗ್ ಸ್ಲೈಡರ್ ಇದೆ. ಮೊದಲು ಹೈ-ಹ್ಯಾಟ್‌ಗೆ ಹಾಕಿ ಕೇಳಿ, ಆಮೇಲೆ ಬೇಸ್‌ಗೆ. ಕೈಯಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದರ ಮೇಲೆ ಸುಮ್ನೆ ಹೇರಬೇಡಿ, ಅದರಲ್ಲಿ ಆಗಲೇ ಒಂದು ನಡೆ ಇರುತ್ತದೆ ಅಲ್ವಾ?

ವೆಲಾಸಿಟಿ (ಹೊಡೆತದ ಜೋರು) ಎಲ್ಲಾ ಗರಿಷ್ಠ 127 ಇಟ್ಟರೆ ಯಾವ ಸ್ವಿಂಗೂ ಕಾಪಾಡದು. ಬೀಟ್ ಹಾಕುವಾಗ ಬಿಪಿಎಂ, ಸ್ವಿಂಗ್ ಎರಡನ್ನೂ ಜೊತೆಗೆ ಬರೆಯಿರಿ.