ಪೆಟ್ಟಿಗೆ ಅಜ್ಜನಿಗೆ, ಮತ್ತು ಉಳಿದೆಲ್ಲರಿಗೂ

ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ಬಲಿಪೂಜೆಯಲ್ಲಿ (ಚರ್ಚಿನ ಮಾಸ್‌ನಲ್ಲಿ), ನಮ್ಮ ಶಾಲೆಯ ಮಕ್ಕಳು ನಾಲ್ಕು ದನಿಗಳಲ್ಲಿ ಕೊಂಕಣಿ ಗೀತೆ ಹಾಡಿದರು. ಜೊತೆಗೆ ಎರಡು ಹಾರ್ಮೋನಿಯಂ, ಒಂಬತ್ತು ಪಿಟೀಲು, ಒಂದು ಜೊತೆ ತಬಲ. ಸಂಜೆ ಅಂಗಳದಲ್ಲಿ ಯಕ್ಷಗಾನ ತರಗತಿಯ ಮಕ್ಕಳು ಕುಣಿದರು. ಜುಲೈಯ ಆ ರಾತ್ರಿ ಕಲಾ ಕೊಠಡಿಗೆ ಮಳೆನೀರು ನುಗ್ಗಿದ್ದು, ಏನೇನು ಮುಳುಗಿತು ಎನ್ನುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ. ಸಂಗೀತ, ಚಿತ್ರಕಲೆ, ಯಕ್ಷಗಾನ ಕಲಿಸುವ ನಾವೆಲ್ಲ ಸೇರಿ ಋಣ ನೆನೆಯಲು ಇದನ್ನು ಬರೆಯುತ್ತಿದ್ದೇವೆ.

ಮೊದಲ ಋಣ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರದು. ಹೆಸರು ಹಾಕಬೇಡಿ ಎಂದಿದ್ದಾರೆ. ಮಕ್ಕಳು ಅವರನ್ನು ‘ಪೆಟ್ಟಿಗೆ ಅಜ್ಜ’ ಅನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ. ಫೋನ್ ಮಾಡಿದಾಗ ರಾತ್ರಿ ಒಂಬತ್ತು ಕಳೆದಿತ್ತು. ಅದೇ ಮಳೆಯಲ್ಲಿ ಬಂದವರು ಬೆಳಗಿನ ಆರು ಗಂಟೆಯ ಪ್ರಾರ್ಥನೆಯ ಗಂಟೆ ಬಾರಿಸುವವರೆಗೆ ಎದ್ದು ಹೋಗಲಿಲ್ಲ.

ಬಂದವರೇ ಮೊದಲು ಮಾಡಿದ್ದು ನಮ್ಮನ್ನು ತಡೆಯುವ ಕೆಲಸ. ಹೇರ್ ಡ್ರೈಯರ್ ಬೇಡ, ಒಲೆಯ ಹತ್ತಿರ ಬೇಡ, ನಾಳೆ ಬಿಸಿಲು ಬಂದರೂ ಹೊರಗಿಡಬೇಡಿ ಎಂದರು. ಒದ್ದೆ ಮರದ ಮೇಲ್ಮೈ ಬೇಗ ಒಣಗಿ ಒಳಗೆ ನೀರು ಉಳಿದರೆ ಹೊರಪದರ ಮಾತ್ರ ಕುಗ್ಗುತ್ತದೆ, ಹಲಗೆ ಸೀಳುತ್ತದೆ. ಹಾಗೆಂದು ಆಷಾಢದ ಮಂಗಳೂರಿನಲ್ಲಿ ನೆರಳಲ್ಲಿಟ್ಟರೆ ಒಣಗುವುದೂ ಇಲ್ಲ, ಬೂಸ್ಟು ಹಿಡಿಯುತ್ತದೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕಂಪ್ಯೂಟರ್ ಲ್ಯಾಬ್‌ನ ಬೀಗ ತೆಗೆಸಿದರು. ಅಲ್ಲಿ ಏಸಿಯನ್ನು ಡ್ರೈ ಮೋಡ್‌ಗೆ ಹಾಕಿ, ಗಾಳಿ ನೇರ ಬೀಳದಂತೆ ಬೆಂಚುಗಳ ಮೇಲೆ ವಾದ್ಯಗಳನ್ನು ಜೋಡಿಸಿದೆವು. ಮೂರು ವಾರ ಅವು ಅಲ್ಲೇ ಇದ್ದವು.

ಆಮೇಲೆ ಪೆಟ್ಟಿಗೆಗಳ, ಅಂದರೆ ಹಾರ್ಮೋನಿಯಂಗಳ, ಸರದಿ. ನಮ್ಮ ಒಂದೊಂದು ಪೆಟ್ಟಿಗೆಯೂ ಮೂರೂವರೆ ಸಪ್ತಕದ್ದು: 42 ಕೀ, ಎರಡು ಸಾಲು, 84 ರೀಡು (ಚೌಕಟ್ಟಿನಲ್ಲಿ ಗಾಳಿಗೆ ಕಂಪಿಸಿ ಸ್ವರ ಕೊಡುವ ತೆಳು ಹಿತ್ತಾಳೆ ನಾಲಿಗೆ). ಮೊದಲನೆಯದರ ಮುಚ್ಚಳ ತೆಗೆದಾಗ ಕೆಂಪು ಕೆಸರು ಬಳಬಳ ಸುರಿಯಿತು. ಆ ಕ್ಷಣ ನಮಗೆ ಕೈಕಾಲು ಆಡಲಿಲ್ಲ, ನಮ್ಮಲ್ಲಿ ಇಬ್ಬರು ಅತ್ತರು. ಮಾರ್ಕ್ಸ್ ಇಲ್ಲದ ವಿಷಯಕ್ಕೆ ಇಷ್ಟು ಒದ್ದಾಟ ಯಾಕೆ ಎಂದು ಒಬ್ಬರು ಕೇಳಿದ್ದೂ ಆ ಹೊತ್ತಿಗೇ. ಉತ್ತರ ಹೇಳಲು ನಮ್ಮಲ್ಲಿ ಉಸಿರಿರಲಿಲ್ಲ. ಅಜ್ಜ ತಲೆ ಎತ್ತದೆ, “ಹಿತ್ತಾಳೆಗೆ ಕೆಸರಿನಿಂದ ಸಾವಿಲ್ಲ, ನೀರು ತನ್ನಿ” ಅಂದರು.

ರೀಡುಗಳನ್ನು ಸಾಲು ಪ್ರಕಾರ ಬಿಚ್ಚಿ, ರಟ್ಟಿನ ಮೇಲೆ 1ರಿಂದ 84ರವರೆಗೆ ಅಂಕಿ ಬರೆದು ಇಟ್ಟರು. ಸ್ಥಳ ಅದಲುಬದಲಾದರೆ ಮತ್ತೆ ಶ್ರುತಿ ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಒಂದೊಂದನ್ನೂ ಶುದ್ಧ ನೀರಲ್ಲಿ ಅದ್ದಿ, ಮೆದು ಬ್ರಶ್ಶಿನಿಂದ ಬುಡದಿಂದ ತುದಿಯ ಕಡೆಗೆ ಮಾತ್ರ ಒರೆಸಬೇಕು. ಅಡ್ಡ ಒರೆಸಿದರೆ ನಾಲಿಗೆ ಪಕ್ಕಕ್ಕೆ ಸರಿದು ಚೌಕಟ್ಟಿಗೆ ತಾಗುತ್ತದೆ, ಸ್ವರ ಕರಕರ ಅನ್ನುತ್ತದೆ. ತುದಿಯಲ್ಲಿ ಕೂದಲೆಳೆಯಷ್ಟು ಕೆಸರು ಉಳಿದರೂ ಭಾರ ಹೆಚ್ಚಿ ಶ್ರುತಿ ಇಳಿಯುತ್ತದೆ. ಅದನ್ನು ತೊಳೆಯದೆ ತುದಿ ಕೆರೆದು ಶ್ರುತಿ ಏರಿಸಿದರೆ, ಮುಂದೆ ಕೆಸರು ಉದುರಿದ ದಿನ ಸ್ವರ ಮೇಲೆ ಹೋಗಿರುತ್ತದೆ. ಆಗ ಬುಡದಲ್ಲಿ ಕೆರೆದು ಇಳಿಸಬೇಕು. ಹೀಗೆ ಎರಡೂ ಕಡೆ ಕೆರೆಸಿಕೊಂಡ ರೀಡು ಹೆಚ್ಚು ಕಾಲ ಬಾಳದು. ಆದ್ದರಿಂದ ಆ ರಾತ್ರಿ ಅವರು ಅರ (ಲೋಹ ಉಜ್ಜುವ ಒರಟು ಕಡ್ಡಿ) ಕೈಗೆ ತೆಗೆದುಕೊಳ್ಳಲೇ ಇಲ್ಲ. ತಿದಿಯ (ಗಾಳಿ ಊದುವ ಮಡಿಕೆ ಭಾಗದ) ಬಟ್ಟೆ, ಚರ್ಮ, ರಟ್ಟು ಹೋಗಿದ್ದವು. ಅವನ್ನು ಆಗಸ್ಟಿನಲ್ಲಿ ಹೊಸದಾಗಿ ಮಾಡಿದರು. ಒಳಗಿನ ಉಕ್ಕಿನ ಸ್ಪ್ರಿಂಗುಗಳನ್ನು ಮಾತ್ರ ಅಂದೇ ಒರೆಸಿ ಎಣ್ಣೆ ಹಚ್ಚಿದರು, ತುಕ್ಕು ಬೆಳಗಿನವರೆಗೆ ಕಾಯುವುದಿಲ್ಲವಂತೆ.

ಪಿಟೀಲು ಅವರ ಕಸುಬಲ್ಲ. ಆದರೂ ಅಂಟಿನ ವಿಷಯ ಅವರಿಗೆ ಗೊತ್ತು. ತಂತಿಗಳನ್ನು ಸಡಿಲಿಸಲು ಹೇಳಿದರು, ಪೂರ್ತಿ ತೆಗೆಯಲು ಬಿಡಲಿಲ್ಲ. ತೆಗೆದರೆ ಕುದುರೆಯೂ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬೀಳುತ್ತದೆ, ಒಳಗಿನ ಸೌಂಡ್ ಪೋಸ್ಟೂ (ಮೇಲಿನ ಕೆಳಗಿನ ಹಲಗೆಗಳ ನಡುವೆ ನಿಲ್ಲುವ ಕಡ್ಡಿ) ಬೀಳಬಹುದು. ಕಮಾನಿನ ಕೂದಲನ್ನೂ ಸಡಿಲ ಬಿಟ್ಟೆವು. ಏಳು ಪಿಟೀಲುಗಳ ಜೋಡಣೆ ಬಾಯಿ ಬಿಟ್ಟಿತ್ತು. ನಾವು ಗಾಬರಿಯಾದರೆ ಅವರಿಗೆ ಸಮಾಧಾನ. ತೊಗಲಿನಿಂದ ಮಾಡಿದ ಅಂಟು ನೀರಿಗೆ ಬಿಡುವುದೇ ಒಳ್ಳೆಯದು, ಮರ ಉಳಿಯುತ್ತದೆ. ಹಿಂದೆಂದೋ ಬಡಗಿಗಳ ಬಿಳಿ ಗೋಂದು ಹಾಕಿ ಅಂಟಿಸಿದ್ದ ಎರಡರಲ್ಲಿ ಜೋಡಣೆ ಗಟ್ಟಿ ನಿಂತಿತು, ಹಲಗೆ ಸೀಳಿತು. ಅವೆರಡು ಈಗ ಗೋಡೆಯ ಮೇಲಿವೆ. ಉಳಿದವನ್ನು ಸೆಪ್ಟೆಂಬರಿನಲ್ಲಿ ಅಂಟಿಸಿದೆವು. ಅಂಟಿನ ಹರಳನ್ನು ತಣ್ಣೀರಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು 60 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಬೇಕು. ಕುದಿಸಿದರೆ ಅದರ ಬಲ ಹೋಗುತ್ತದೆ.

ತಬಲವನ್ನೂ ಮದ್ದಳೆಯನ್ನೂ ಅಜ್ಜ ಬೆರಳಿನಿಂದ ಮುಟ್ಟಿ ನೋಡಿ, ಬಡಿಯಬೇಡಿ ಎಂದಷ್ಟೇ ಹೇಳಿ ಬಾರುಗಳನ್ನು ಸಡಿಲಿಸಿದರು. ನೆನೆದ ಕರಣೆಗೆ (ಚರ್ಮದ ನಡುವಿನ ಕಪ್ಪು ಲೇಪಕ್ಕೆ) ಪೆಟ್ಟು ಬಿದ್ದರೆ ಅದು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮದ್ದಳೆಯ ಹಲಸಿನ ಮರದ ಒಡಲಿಗೆ ಏನೂ ಆಗಿರಲಿಲ್ಲ. ಚರ್ಮದ ಮುಚ್ಚಿಗೆ ಮಾತ್ರ ಹೊಸದು. ಇಷ್ಟಕ್ಕೆಲ್ಲ ಅವರು ತೆಗೆದುಕೊಂಡದ್ದು ಸಾಮಾನಿನ ಖರ್ಚು, ಮತ್ತು ಬೆಳಿಗ್ಗೆ ಎರಡು ಲೋಟ ಚಹಾ.

ಅಜ್ಜ ಕ್ರೈಸ್ತರಲ್ಲ. ಚರ್ಚಿನ ಹಾರ್ಮೋನಿಯಂ, ಭಜನಾ ಮಂದಿರದ ಹಾರ್ಮೋನಿಯಂ ಎಂಬ ಭೇದ ಅವರ ಚೀಲದಲ್ಲಿಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಬಿಷಪರ ಮಹಾಸಭೆಯಾದ ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲೂ ತಕ್ಕ ಸ್ಥಾನ ಕೊಡಬೇಕೆಂದಿತು, ಶಾಲೆಗಳಲ್ಲೂ ಅದನ್ನು ಬೆಳೆಸುವಂತೆ ಮಿಷನರಿಗಳನ್ನು ತಯಾರು ಮಾಡಬೇಕೆಂದಿತು. ಆ ಮಾತಿನ ಅರ್ಥ ನಮ್ಮ ಮಕ್ಕಳಿಗೆ ಪುಸ್ತಕದಿಂದ ತಿಳಿಯಲಿಲ್ಲ, ಅಜ್ಜನ ಕೈ ನೋಡಿ ತಿಳಿಯಿತು.

ಚಿತ್ರಗಳ ವಿಷಯ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡಿದ ಹಾಳೆಗಳ ಕಟ್ಟು ನೆನೆದು ಮುದ್ದೆಯಾಗಿತ್ತು. ಒದ್ದೆ ಹಾಳೆಗಳನ್ನು ಒಂದೊಂದಾಗಿ ಎಳೆಯಬೇಡಿ, ಅಚ್ಚಾಗದ ನ್ಯೂಸ್‌ಪ್ರಿಂಟ್ ನಡುವೆ ಹಾಕಿ ಎರಡೆರಡು ಗಂಟೆಗೆ ಬದಲಿಸಿ, 48 ಗಂಟೆ ದಾಟಿದರೆ ಬೂಸ್ಟು ಎಂದು ಬೆಂಗಳೂರಿನಿಂದ ಫೋನಿನಲ್ಲೇ ದಾರಿ ತೋರಿಸಿದ ಹಳೆ ವಿದ್ಯಾರ್ಥಿನಿಗೆ ವಂದನೆ. ಪೋಸ್ಟರ್ ಬಣ್ಣದವು ಉಳಿಯಲಿಲ್ಲ, ಪೆನ್ಸಿಲ್ಲಿನವು ಉಳಿದವು. ಆಗಸ್ಟಿನಲ್ಲಿ ಮಕ್ಕಳನ್ನು ಎಂದಿನಂತೆ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದೊಯ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ಬ್ರದರ್ ಆಂಟೋನಿಯೋ ಮೊಸ್ಕೇನಿ 1899ರಲ್ಲಿ ಶುರುಮಾಡಿದ ಗೋಡೆಚಿತ್ರ ನಮ್ಮೂರ ಮಳೆಗೆ ಯಾಕೆ ಕರಗಲಿಲ್ಲ ಎಂದು ಕೇಳಿದಳು. ಹಸಿ ಸುಣ್ಣದ ಗಾರೆಯ ಮೇಲೆ ಹಚ್ಚಿದ ಬಣ್ಣ ಸುಣ್ಣದ ಜೊತೆಗೇ ಕಲ್ಲಾಗುತ್ತದೆ, ನಮ್ಮ ಪೋಸ್ಟರ್ ಬಣ್ಣವನ್ನು ಹಿಡಿದಿರುವ ಅಂಟು ಮತ್ತೆ ನೀರಿಗೆ ಬಿಡುತ್ತದೆ. ಇಷ್ಟು ವರ್ಷಗಳಲ್ಲಿ ಆ ಗೋಡೆಯ ಮುಂದೆ ಅಷ್ಟು ಒಳ್ಳೆಯ ಪ್ರಶ್ನೆ ಬಂದದ್ದು ಅದೇ ಮೊದಲು.

ಕೀಬೋರ್ಡ್ ಕೊಟ್ಟು, ನಮ್ಮ ಪೆಟ್ಟಿಗೆಗಳು ತುಸು ಏರಿದ ಶ್ರುತಿಯವೆಂದು ಗೊತ್ತಾದಾಗ ಅದರ ಟ್ಯೂನಿಂಗನ್ನು ಸೆಕೆಂಡಿಗೆ 440 ಕಂಪನದಿಂದ 443ಕ್ಕೆ ಏರಿಸಿಕೊಟ್ಟ ನೆರೆಶಾಲೆಯ ಸಂಗೀತ ಶಿಕ್ಷಕರಿಗೆ, ವೇಷಭೂಷಣ ಒಗೆದ ತಾಯಂದಿರಿಗೆ, ಕೆಸರು ಬಳಿದ ಆಯಾ ಅಕ್ಕಂದಿರಿಗೆ, ಗೆಜ್ಜೆ ಎರವಲು ಕೊಟ್ಟ ಭಾಗವತರಿಗೆ ನಮಸ್ಕಾರ.

ಈಗ ವಾದ್ಯಗಳೆಲ್ಲ ನೆಲದಿಂದ ಮೂರಡಿ ಎತ್ತರದ ಕಪಾಟಿನಲ್ಲಿವೆ. ಎರಡನೆಯ ಪೆಟ್ಟಿಗೆಯ 61ನೆಯ ರೀಡು ಇನ್ನೂ ಕೊಂಚ ಇಳಿದಿದೆ. ಡಿಸೆಂಬರಿನ ಒಣಗಾಳಿ ಬರುವವರೆಗೆ ಯಾರೂ ಮುಟ್ಟಬಾರದು ಎಂದು ಅಜ್ಜ ಹೇಳಿಹೋಗಿದ್ದಾರೆ. ಕ್ರಿಸ್ಮಸ್‌ಗೆ ಮುಂಚಿನ ಶನಿವಾರ ಬರುತ್ತಾರೆ, ಈ ಸಲ ಅರ ತರುತ್ತಾರೆ. ಚಹಾ ಇಟ್ಟಿರುತ್ತೇವೆ.